ಕಿರುಚಲು ಹೇಳದ ಆಡಿಷನ್

ಉಡುಪಿಯ ಹವ್ಯಾಸಿ ನಾಟಕ ತಂಡವೊಂದು ತನ್ನ ಹೊಸ ನಾಟಕಕ್ಕೆ ನಟನಟಿಯರನ್ನು ಆರಿಸಿಕೊಳ್ಳಲು ತುಳುನಾಡಿನ ಮಳೆಗಾಲದ ಆಟಿ ತಿಂಗಳ ಒಂದು ಭಾನುವಾರ ಕುಂಜಿಬೆಟ್ಟಿನ ಕಡೆಯ ಸಭಾಂಗಣವೊಂದರಲ್ಲಿ ನಡೆಸಿದ ಆಡಿಷನ್ನಿಗೆ ನಾನು ಹೋಗಿದ್ದೆ. ಜೋರು ಮಳೆಗೆ ಸಿಕ್ಕಿಕೊಂಡ ಐದು ಮಂದಿ ಪಾಳುಬಿದ್ದ ಗುತ್ತಿನ ಮನೆಯೊಂದರಲ್ಲಿ (ತುಳುನಾಡಿನ ಹಳೆಯ ಜಮೀನ್ದಾರಿ ಮನೆತನದ ದೊಡ್ಡ ಮನೆ) ರಾತ್ರಿ ಕಳೆಯಬೇಕಾಗಿ ಬರುವುದು ಆ ನಾಟಕದ ಕಥೆ. ಶುಲ್ಕವಿರಲಿಲ್ಲ, ರಂಗಾನುಭವ ಬೇಕೆಂಬ ಷರತ್ತೂ ಇರಲಿಲ್ಲ. ಹೆದರಿಸುವ ನಾಟಕವೆಂದ ಮೇಲೆ ಕಿರುಚಲು ಬರಲೇಬೇಕೆಂದು ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿ, "ಆಟಿಯಲ್ಲಿ ಕುಲೆಗಳಿಗೆ (ಸತ್ತವರ ಆತ್ಮಗಳಿಗೆ) ಬಡಿಸುವ ಹೊತ್ತಿನಲ್ಲಿ ಇದೇನು ನಿನ್ನ ವೇಷ" ಎಂದು ಅಜ್ಜಿಯಿಂದ ಬೈಸಿಕೊಂಡು ಹೋಗಿದ್ದ ನನಗೆ, ಇಡೀ ದಿನದಲ್ಲಿ ಒಮ್ಮೆಯೂ ಯಾರೂ ಕಿರುಚಲು ಹೇಳಲಿಲ್ಲ.

ನಿರ್ದೇಶಕರು ಮೊದಲ ಹದಿನೈದು ನಿಮಿಷ ಒಂದು ಶಬ್ದದ ಬಗ್ಗೆ ಮಾತನಾಡಿದರು. ಘಟ್ಟದ ಮೇಲೆ ಭೂತವೆಂದರೆ ದೆವ್ವ. ಇಲ್ಲಿ ಭೂತವೆಂದರೆ ನಾವು ಕೈಮುಗಿಯುವ ದೈವ, ಸತ್ತವರ ಆತ್ಮಕ್ಕೆ ತುಳುವಿನಲ್ಲಿ ಕುಲೆ ಎಂಬ ಬೇರೆಯೇ ಮಾತಿದೆ. ಆದ್ದರಿಂದ ತಮ್ಮ ನಾಟಕವನ್ನು ಭೂತಬಂಗಲೆಯ ನಾಟಕವೆಂದು ಯಾರೂ ಕರೆಯಬಾರದೆಂದೂ, ದೈವದ ವೇಷಧಾರಿ ಕಾಲಿಗೆ ಕಟ್ಟುವ ಗಗ್ಗರದ ಸದ್ದು, ಬೆನ್ನಿಗೆ ಕಟ್ಟುವ ಅಣಿ, ದೈವದ ನುಡಿಯ ಧಾಟಿ ಇವುಗಳಲ್ಲಿ ಯಾವುದನ್ನೂ ರಂಗದ ಮೇಲೆ ತರುವುದಿಲ್ಲವೆಂದೂ ಸ್ಪಷ್ಟವಾಗಿ ಹೇಳಿದರು. ಅಷ್ಟು ಹೇಳಿದ ಮೇಲೂ ಹುಡುಗನೊಬ್ಬ ತನ್ನ ಸರದಿ ಬಂದಾಗ ದರ್ಶನ ಬಂದವರಂತೆ, ಅಂದರೆ ಮೈಮೇಲೆ ದೈವ ಬಂದವರಂತೆ, ನಡುಗತೊಡಗಿದ. ಅವರು ಗದರಲಿಲ್ಲ, ಹತ್ತಿರ ಹೋಗಿ, ನೀರು ಕೊಟ್ಟು, "ಇದು ಬೇಡ, ನೀವು ಕತ್ತಲಲ್ಲಿ ಮನೆಯ ಬೀಗದ ಕೈ ಹುಡುಕುತ್ತಿದ್ದೀರಿ ಎಂದುಕೊಳ್ಳಿ" ಎಂದರು. ಬೀಗದ ಕೈ ಹುಡುಕಿದ ಅದೇ ಹುಡುಗ ಸಭಾಂಗಣವನ್ನು ಮೊದಲಿಗಿಂತ ಹೆಚ್ಚು ಹೆದರಿಸಿದ. ತಂಡದ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆ ಕ್ಷಣದಲ್ಲಿ.

ಪರೀಕ್ಷೆಗಳಲ್ಲಿ ಮೊದಲನೆಯದು ಕೇಳಿಸಿಕೊಳ್ಳುವ ಪರೀಕ್ಷೆ. ಕುರ್ಚಿಯಲ್ಲಿ ಕುಳಿತು ಪೇಪರು ಓದುತ್ತಿರಬೇಕು. ಉಪ್ಪರಿಗೆಯಲ್ಲಿ ಯಾರೋ ಕಡೆಯುವ ಕಲ್ಲಿನಲ್ಲಿ ಅರೆಯುತ್ತಿರುವ ಸದ್ದು ಕೇಳಿಸಬೇಕು. ಸದ್ದು ನಿಜವಾಗಿ ಇರುವುದಿಲ್ಲ, ಮಾತನಾಡುವಂತಿಲ್ಲ, ತಲೆಯೆತ್ತಿ ಮೇಲೆ ನೋಡುವಂತೆಯೂ ಇಲ್ಲ. ಉಪ್ಪರಿಗೆಯಲ್ಲಿ ಕಡೆಯುವ ಕಲ್ಲನ್ನು ಯಾರೂ ಇಡುವುದಿಲ್ಲವೆಂಬುದು ನಮ್ಮ ಕಡೆಯ ಮನೆಗಳನ್ನು ಕಂಡವರಿಗೆಲ್ಲ ಗೊತ್ತು, ಹಾಗಾಗಿ ಸೂಚನೆಯನ್ನು ಓದಿದಾಗಲೇ ನನ್ನ ಬೆನ್ನು ತಣ್ಣಗಾಯಿತು. ನಮ್ಮಲ್ಲಿ ಹೆಚ್ಚಿನವರು ಕಣ್ಣು ಅಗಲಿಸಿ, ಎದೆ ಹಿಡಿದುಕೊಂಡು ಸೋತೆವು. ಗೆದ್ದವರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು. ಅವರು ಪುಟ ತಿರುಗಿಸಲು ಎತ್ತಿದ ಕೈಯನ್ನು ಹಾಗೆಯೇ ನಿಲ್ಲಿಸಿದರು, ಸ್ವಲ್ಪ ಹೊತ್ತಿನ ಬಳಿಕ ಅದೇ ಪುಟವನ್ನು ಮತ್ತೆ ಮೊದಲಿನಿಂದ ಓದತೊಡಗಿದರು, ಬೇರೇನನ್ನೂ ಮಾಡಲಿಲ್ಲ.

ಎರಡನೆಯದರ ಉಪಯುಕ್ತತೆ ನನಗೆ ಆಮೇಲೆ ತಿಳಿಯಿತು. ಕಿಟಕಿಗಳನ್ನೆಲ್ಲ ಮುಚ್ಚಿ, ದೀಪ ಆರಿಸಿ, ನೆಲದ ಮೇಲೆ ಅಂಟಿಸಿದ ಹೊಳೆಯುವ ಟೇಪಿನ ಚೂರುಗಳನ್ನೇ ಗುರುತಾಗಿ ಇಟ್ಟುಕೊಂಡು ಹನ್ನೆರಡು ಹೆಜ್ಜೆ ನಡೆದು ಕುರ್ಚಿಯಲ್ಲಿ ಸದ್ದಿಲ್ಲದೆ ಕೂರಬೇಕು. ಇಂಥ ನಾಟಕದಲ್ಲಿ ದೃಶ್ಯ ಬದಲಾಗುವುದೆಲ್ಲ ಕತ್ತಲೆಯಲ್ಲಿ. ಆ ಕೆಲವು ಸೆಕೆಂಡುಗಳಲ್ಲಿ ಮೇಜಿಗೆ ಡಿಕ್ಕಿ ಹೊಡೆಯುವ ನಟ ಮುಂದಿನ ಭಯವನ್ನು ನಗೆಪಾಟಲು ಮಾಡುತ್ತಾನೆ, ಕಾಲು ಮುರಿದುಕೊಳ್ಳುವ ಸಂಭವವಂತೂ ಇದ್ದೇ ಇದೆ. ಮೂರನೆಯದು ನಾಟಕದ ಪ್ರತಿಯನ್ನು ಕೈಗೆ ಕೊಟ್ಟ ಕೂಡಲೇ ಓದಿಸುವ ಸಾಮಾನ್ಯ ಪರೀಕ್ಷೆ. ಅದೇ ಮಾತನ್ನು ಆಮೇಲೆ ಮನೆಮಾತಿನಲ್ಲಿ ಹೇಳಿಸಿದ್ದು ಮಾತ್ರ ವಿಶೇಷ: ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ ಎಲ್ಲವೂ ಬಂದವು, ಮತ್ತು ಗ್ರಂಥಸ್ಥ ಕನ್ನಡದಲ್ಲಿ ಮರದಂತೆ ನಿಂತಿದ್ದವರು ಉಸಿರಾಡತೊಡಗಿದರು.

ಯಕ್ಷಗಾನದ ಹಿನ್ನೆಲೆಯಿಂದ ಬಂದಿದ್ದ ಇಬ್ಬರು ಮೂವರಿಗೆ ಈ ಕ್ರಮ ಕಷ್ಟವಾಯಿತೆಂದು ಹೇಳಲೇಬೇಕು. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷ (ರಾಕ್ಷಸ ಪಾತ್ರ) ಸಭೆಯ ಹಿಂದಿನಿಂದ ಅಬ್ಬರಿಸುತ್ತ, ದೊಂದಿಗೆ (ಪಂಜಿಗೆ) ರಾಳದ ಪುಡಿ ಎರಚಿ ಬೆಂಕಿ ಭುಗಿಲೆಬ್ಬಿಸುತ್ತ ರಂಗಸ್ಥಳಕ್ಕೆ ಬರುವುದನ್ನು ಅರೆನಿದ್ದೆಯಲ್ಲಿ ಕಂಡ ಮಕ್ಕಳಿಗೆ ಭಯವೆಂದರೆ ದೊಡ್ಡದು, ಸದ್ದಿನದು. ಆ ಭಯಕ್ಕೂ ಒಂದು ಗಾಂಭೀರ್ಯವಿದೆ, ಅದಕ್ಕೆ ಈ ನಾಟಕದಲ್ಲಿ ಒಂದಾದರೂ ದೃಶ್ಯ ಕೊಡಬಹುದಿತ್ತೆಂದು ನನ್ನ ಅನಿಸಿಕೆ. ಕರಾವಳಿಯ ಪ್ರೇಕ್ಷಕರನ್ನು ಪಿಸುಮಾತಿನಿಂದಲೇ ಎರಡು ಗಂಟೆ ಹಿಡಿದಿಡಲು ಸಾಧ್ಯವೇ ಎಂಬ ಅನುಮಾನ ನನಗೆ ಇನ್ನೂ ಇದೆ.

ವ್ಯವಸ್ಥೆಯ ವಿಷಯದಲ್ಲಿ ಹೊಗಳಲು ಹೆಚ್ಚೇನಿಲ್ಲ. 10 ಗಂಟೆಗೆಂದು ಕರೆದು 11.15ಕ್ಕೆ ಆರಂಭಿಸಿದರು. ಸರದಿಗೆ ಚೀಟಿ ಕೊಡಲಿಲ್ಲವಾದ್ದರಿಂದ ಬಾಗಿಲ ಹತ್ತಿರ ನಿಂತವರೇ ಮೊದಲಿಗರಾದರು, ಮತ್ತು ಮಕ್ಕಳನ್ನು ಕರೆತಂದ ತಾಯಂದಿರು ಮಧ್ಯಾಹ್ನ ಮೂರರವರೆಗೆ ಕಾದರು. ತುಂಬಿಸಿದ ಅರ್ಜಿಯಲ್ಲಿ ಎತ್ತರ, ಹವ್ಯಾಸ, ಇಷ್ಟದ ಪಾತ್ರ ಎಲ್ಲವನ್ನೂ ಕೇಳಿದ್ದರು. ಉಬ್ಬಸ ಇದೆಯೇ ಎಂದು ಮಾತ್ರ ಕೇಳಿರಲಿಲ್ಲ. ಗ್ಲೈಕಾಲ್ ಬೆರೆಸಿದ ನೀರನ್ನು ಕಾಯಿಸಿ ಮಂಜು ಹಬ್ಬಿಸುವ ಯಂತ್ರ ಇಂಥ ನಾಟಕಗಳಲ್ಲಿ ಇದ್ದೇ ಇರುತ್ತದೆ, ನನ್ನಂಥವರಿಗೆ ಆ ಮಂಜು ಕೆಮ್ಮು ತರಿಸುತ್ತದೆ. ನಾನಾಗಿ ಕೇಳಿದ ಮೇಲೆ ಅದನ್ನು ಅರ್ಜಿಯ ಅಂಚಿನಲ್ಲಿ ಬರೆದುಕೊಂಡರು. ತಾಲೀಮು ವಾರಕ್ಕೆ ನಾಲ್ಕು ದಿನ ಸಂಜೆ 6.30ರಿಂದ 9ರವರೆಗೆ ಎಂಬ ಮುಖ್ಯ ಸಂಗತಿ ಕೊನೆಯಲ್ಲಿ ಹೊರಬಿತ್ತು. ನಮ್ಮ ಊರಿನ ಕೊನೆಯ ಬಸ್ಸು 8.40ಕ್ಕೆ, ಮೊದಲೇ ತಿಳಿಸಿದ್ದರೆ ಹಲವರು ಆ ಮಳೆಯಲ್ಲಿ ಬರುತ್ತಲೇ ಇರಲಿಲ್ಲ.

ನಾಲ್ಕು ದಿನದಲ್ಲಿ ತಿಳಿಸುತ್ತೇವೆಂದ ಫಲಿತಾಂಶ ಹನ್ನೊಂದನೆಯ ದಿನ ವಾಟ್ಸಾಪಿನಲ್ಲಿ ಬಂದಿತು. ಆಯ್ಕೆಯಾಗದವರಿಗೆ ಒಂದು ಸಾಲಿನ ಸಂದೇಶವನ್ನೂ ಕಳಿಸಲಿಲ್ಲವೆಂದು ನನ್ನೊಡನೆ ಬಂದಿದ್ದ ಗೆಳತಿಯಿಂದ ತಿಳಿಯಿತು, ಇದು ನನಗೆ ಸರಿಕಾಣಲಿಲ್ಲ. ಮುಂದಿನ ನಾಟಕಕ್ಕೂ ಇವರು ಕರೆದರೆ ನಾನು ಹೋಗುತ್ತೇನೆ, ಆದರೆ ಬುತ್ತಿ ಕಟ್ಟಿಕೊಂಡು, ಒಂಬತ್ತೂವರೆಗೇ ಬಾಗಿಲ ಹತ್ತಿರ ನಿಲ್ಲುತ್ತೇನೆ. ನನಗೆ ಸಿಕ್ಕಿದ್ದು ಗುತ್ತಿನ ಮನೆಯನ್ನು ನೋಡಿಕೊಳ್ಳುವವನ ಹೆಂಡತಿಯ ಪಾತ್ರ: ಒಟ್ಟು ಎರಡು ಮಾತು, ಉಳಿದ ಹೊತ್ತೆಲ್ಲ ಚಾವಡಿಯ ಮೂಲೆಯಲ್ಲಿ ಕುಳಿತು ಹೂ ಕಟ್ಟುವುದು. ಮಂಜಿನ ಯಂತ್ರ ಕೊನೆಯ ದೃಶ್ಯದಲ್ಲಿ ಮಾತ್ರ ಇರುತ್ತದೆ, ನೀವು ಅದಕ್ಕೆ ಮೊದಲೇ ಒಳಗೆ ಹೋಗಿರುತ್ತೀರಿ, 8.40ರ ಬಸ್ಸಿಗೆ ಬಿಡುತ್ತೇವೆ ಎಂದು ಸಂದೇಶದ ಕೆಳಗೆ ಸೇರಿಸಿದ್ದರು.