ಫ್ಯೂಜಿ ಎಕ್ಸ್-ಟಿ20: ಹಳೆಯ ಮೂರು ಕ್ಯಾಮೆರಾಗಳ ಪಕ್ಕದಲ್ಲಿಟ್ಟು ನೋಡಿದಾಗ

ಫ್ಯೂಜಿಫಿಲ್ಮ್ ಎಕ್ಸ್-ಟಿ20 ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ನಾನು ಕೊಂಡದ್ದು ಅದರ ಮರುವರ್ಷ. ಈಗ ಅದರ ತಯಾರಿಕೆ ನಿಂತಿರುವುದರಿಂದ ಬೇಕೆಂದವರು ಸೆಕೆಂಡ್ ಹ್ಯಾಂಡ್‌ನಲ್ಲಿಯೇ ಹುಡುಕಬೇಕು. ಹಾಗೆ ಹುಡುಕುತ್ತಿರುವ ಇಬ್ಬರು ಮೂವರು ಸ್ನೇಹಿತರು ಕೇಳಿದ್ದರಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಬಳಿ ಪ್ರಯೋಗಾಲಯವಿಲ್ಲ. ಆದರೆ ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ 2006ರಿಂದ ಪ್ರತಿ ವರ್ಷದ ಕೊನೆಕೊಯ್ಲನ್ನೂ (ಅಡಿಕೆ ಗೊನೆ ಇಳಿಸುವ ಕೊಯ್ಲು) ಫೋಟೋ ತೆಗೆದಿಟ್ಟಿದ್ದೇನೆ. ಅದೇ ಅಂಗಳ, ರಾತ್ರಿ ಅಡಿಕೆ ಸುಲಿಯಲು ಕೂರುವ ಅದೇ ಮಂದಿ, ಬೆಳಿಗ್ಗೆ ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸದಲ್ಲಿ, ಅಡಿಕೆ ಬೇಯುವ ಅದೇ ಹಂಡೆ. ಬದಲಾದದ್ದು ಕ್ಯಾಮೆರಾ ಮಾತ್ರ. ಆ ಫೋಲ್ಡರುಗಳನ್ನು ಸಾಲಾಗಿ ತೆರೆದು ನೋಡಿದಾಗ ನನಗೆ ಕಂಡ ಒಂದು ಸಂಗತಿಯೆಂದರೆ, ಪ್ರತಿ ಸಲವೂ ನಾನು ಒಂದು ಕಾರಣಕ್ಕೆ ಕ್ಯಾಮೆರಾ ಬದಲಿಸಿದ್ದೇನೆ, ಚಿತ್ರಗಳು ಸುಧಾರಿಸಿರುವುದು ಬೇರೆಯೇ ಕಾರಣಕ್ಕೆ.

ಮೊದಲನೆಯದು ಕ್ಯಾನನ್ ಪವರ್‌ಶಾಟ್ ಎ540. ಆರು ಮೆಗಾಪಿಕ್ಸೆಲ್, ನಾಲ್ಕು ಪಟ್ಟು ಜೂಮ್, ಎರಡು ಪೆನ್ಸಿಲ್ ಸೆಲ್. ಹಗಲಿನಲ್ಲಿ ಅದು ತೆಗೆದ ತೋಟದ ಚಿತ್ರಗಳನ್ನು ಇಂದಿಗೂ ನಾಚಿಕೆಯಿಲ್ಲದೆ ತೋರಿಸಬಹುದು. ರಾತ್ರಿಯ ಮಾತು ಬೇರೆ. ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆಯ ಅಳತೆಯಾದ ಐಎಸ್ಒವನ್ನು 800ಕ್ಕೆ ಏರಿಸಿದರೆ ಮುಖಗಳ ಮೇಲೆ ರವೆ ಚೆಲ್ಲಿದಂತೆ ಕಾಣುತ್ತಿತ್ತು, ಫ್ಲ್ಯಾಶ್ ಹಾಕಿದರೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತ ದೊಡ್ಡಮ್ಮ "ಮಿಂಚು ಹೊಡಿಬೇಡ ಮಾರಾಯ, ಕೈ ಕುಯ್ಕೊಂಡ್ರೆ ನೀನು ಬಂದು ಸುಲಿತೀಯಾ?" ಎಂದು ಗದರುತ್ತಿದ್ದರು. ಹಂಡೆಯ ಬಳಿ ಹಾಕಿದರಂತೂ ಬೆಳಕು ಹಬೆಗೆ ಬಡಿದು ಹಿಂದಿರುಗಿ, ಚಿತ್ರದಲ್ಲಿ ಸುಣ್ಣ ಬಳಿದ ಗೋಡೆಯಂಥ ಬಿಳುಪಷ್ಟೇ ಉಳಿಯುತ್ತಿತ್ತು.

2008ರಲ್ಲಿ ನಿಕಾನ್ ಡಿ40 ಕೊಂಡೆ. ಲೆನ್ಸ್ ಬದಲಿಸಬಹುದೆಂಬುದು ನಾನು ಕೊಟ್ಟುಕೊಂಡ ಕಾರಣ. ಮೊದಲ ಎರಡು ವರ್ಷ ಜೊತೆಗೆ ಬಂದ 18-55 ಮಿಮೀ ಲೆನ್ಸನ್ನು ಒಮ್ಮೆಯೂ ಕಳಚಲಿಲ್ಲ. ಇದರಲ್ಲಿಯೂ ಇದ್ದದ್ದು ಆರೇ ಮೆಗಾಪಿಕ್ಸೆಲ್. ಅಷ್ಟಕ್ಕೇ ಇಷ್ಟು ದುಡ್ಡೇ ಎಂದು ಅಣ್ಣ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿದ್ದದ್ದು ಬೆಳಕನ್ನು ಹಿಡಿಯುವ ಸೆನ್ಸರಿನ ಅಳತೆಯಲ್ಲಿ. ಎ540ರ ಸೆನ್ಸರ್ ಸುಮಾರು 5.8 ಮಿಮೀ ಅಗಲ, 4.3 ಮಿಮೀ ಎತ್ತರ, ಅಂದರೆ ಕಿರುಬೆರಳಿನ ಉಗುರಿಗಿಂತ ಚಿಕ್ಕದು, ಡಿ40ರದು 23.7 ಮಿಮೀ ಅಗಲ, 15.6 ಮಿಮೀ ಎತ್ತರ. ವಿಸ್ತೀರ್ಣದಲ್ಲಿ ಹತ್ತಿರ ಹತ್ತಿರ ಹದಿನೈದು ಪಟ್ಟು. ಅಷ್ಟೇ ಸಂಖ್ಯೆಯ ಪಿಕ್ಸೆಲ್‌ಗಳು ಅಷ್ಟು ದೊಡ್ಡ ಜಾಗದಲ್ಲಿ ಹರಡಿಕೊಂಡಾಗ ಒಂದೊಂದಕ್ಕೂ ಸಿಗುವ ಬೆಳಕು ಹೆಚ್ಚುತ್ತದೆ. ಹಾಗಾಗಿ ಐಎಸ್ಒ 1600ರಲ್ಲಿಯೂ ದೊಡ್ಡಮ್ಮನ ಸೀರೆಯ ಅಂಚು ಅಂಚಾಗಿಯೇ ಉಳಿಯಿತು. ಮೆಗಾಪಿಕ್ಸೆಲ್ ಲೆಕ್ಕದಲ್ಲಿ ಕ್ಯಾಮೆರಾ ಮಾರುವವರ ಮಾತಿಗೆ ನಾನು ಕಿವಿಗೊಡುವುದನ್ನು ಬಿಟ್ಟದ್ದು ಆ ವರ್ಷ.

ಬಳಿಕ ಸಿಕ್ಕ ಹಳೆಯ 50 ಮಿಮೀ ಎಫ್ 1.8ಡಿ ಲೆನ್ಸ್ ಮುಂದಿನ ಖರ್ಚಿಗೆ ದಾರಿಯಾಯಿತು. ಡಿ40ರ ದೇಹದೊಳಗೆ ಫೋಕಸ್ ಮೋಟರ್ ಇಲ್ಲ, ಆ ಲೆನ್ಸಿನೊಳಗೂ ಇಲ್ಲ; ಹೀಗಾಗಿ ಕಣ್ಣಿಟ್ಟು ನೋಡುವ ಸಣ್ಣ ವ್ಯೂಫೈಂಡರಿನ ಮೂಲೆಯಲ್ಲಿ ಹಸಿರು ಚುಕ್ಕೆ ಮೂಡುವವರೆಗೆ ಕೈಯಲ್ಲೇ ತಿರುಗಿಸುತ್ತಾ ಕೂರಬೇಕಿತ್ತು. ಮೋಟರ್ ಇರುವ ಡಿ90 2011ರಲ್ಲಿ ಮನೆಗೆ ಬಂತು. ಮೋಟರ್ ತನ್ನ ಕೆಲಸ ಮಾಡಿತು, ಸುಳ್ಳು ಹೇಳಲಾರೆ. ಆದರೆ ನನ್ನ ಕೆಲಸವನ್ನು ಬದಲಿಸಿದ್ದು ಹಿಂಬದಿಯ ಪರದೆ. ಡಿ40ರ ಪರದೆಯಲ್ಲಿದ್ದದ್ದು 2 ಲಕ್ಷ 30 ಸಾವಿರ ಚುಕ್ಕೆಗಳು, ಡಿ90ರದರಲ್ಲಿ 9 ಲಕ್ಷ 20 ಸಾವಿರ. ಕಣ್ಣಿನ ರೆಪ್ಪೆ ಸ್ಪಷ್ಟವಾಗಿ ಬಂದಿದೆಯೇ ಇಲ್ಲವೇ ಎಂಬುದು ಅಂಗಳದಲ್ಲೇ ತಿಳಿಯತೊಡಗಿತು; ತಪ್ಪಿದ್ದರೆ ಅಲ್ಲೇ ಮತ್ತೊಂದು ತೆಗೆಯಬಹುದಿತ್ತು. ವೀಡಿಯೊ ತೆಗೆದ ಮೊದಲ ಡಿಎಸ್ಎಲ್ಆರ್ (ಒಳಗೆ ಕನ್ನಡಿಯಿದ್ದು ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಕೂಡ ಇದೇ. ಅಡಿಕೆ ಬೆಂದ ಹದವನ್ನು ಗುರುತಿಸುವ ಬಗೆಯನ್ನು ಅಜ್ಜಿ ವಿವರಿಸುತ್ತಿದ್ದಾಗ, 720ಪಿ ವೀಡಿಯೊಗೆ ನಿಗದಿಯಾದ ಐದು ನಿಮಿಷ ಮುಗಿದು ಕ್ಯಾಮೆರಾ ತಾನೇ ನಿಂತಿತು, ಅಜ್ಜಿ ನಿಲ್ಲಿಸಲಿಲ್ಲ.

ಏಳು ವರ್ಷಗಳ ನಂತರ ಎಕ್ಸ್-ಟಿ20 ಕೊಳ್ಳಲು ಕಾರಣ ನನ್ನ ಸೊಂಟನೋವು. ಬ್ಯಾಟರಿ, ಕಾರ್ಡ್ ಸೇರಿ ಡಿ90ರ ತೂಕ 703 ಗ್ರಾಂ. 18-105 ಮಿಮೀ ಲೆನ್ಸ್ ಸೇರಿದರೆ ಒಂದು ಕಿಲೋ ದಾಟುತ್ತದೆ. ಎಕ್ಸ್-ಟಿ20 ಬ್ಯಾಟರಿ ಸಮೇತ 383 ಗ್ರಾಂ, ನಾನು ಬಳಸುವ 35 ಮಿಮೀ ಎಫ್ 2 ಲೆನ್ಸ್ 170 ಗ್ರಾಂ. ತೋಟದ ಸಂಕದ (ಕಾಲುಸೇತುವೆಯ) ಮೇಲೆ ಒಂದು ಕೈಯಲ್ಲಿ ಹಿಡಿಕೆ ಹಿಡಿದು ಇನ್ನೊಂದು ಕೈಯಲ್ಲಿ ಕ್ಯಾಮೆರಾ ಹಿಡಿದು ದಾಟುವಾಗ ಈ ವ್ಯತ್ಯಾಸ ತಿಳಿಯುತ್ತದೆ.

ಆದರೂ ಇದರ ನಿಜವಾದ ಲಾಭ ಎಲೆಕ್ಟ್ರಾನಿಕ್ ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯೊಳಗಿನ ಪುಟ್ಟ ಪರದೆ. ಬೆಳಿಗ್ಗೆ ಏಳೂವರೆಗೆ ಬಿಸಿಲು ಹಂಡೆಯ ಹಿಂದಿನಿಂದ ಓರೆಯಾಗಿ ಬಂದು ಹಬೆಯನ್ನು ಬೆಳಗುತ್ತದೆ. ಆ ಹೊಳಪನ್ನು ಕಂಡ, ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಇಡೀ ಚಿತ್ರವನ್ನು ಮಂಕಾಗಿಸಿ, ಒಲೆಯ ಮುಂದಿನ ಮುಖವನ್ನು ಕಪ್ಪು ಮಾಡಿಬಿಡುತ್ತದೆ. ಡಿ90ರಲ್ಲಿ ನಾನು ಒಂದು ತೆಗೆದು, ಪರದೆ ನೋಡಿ, ಎಕ್ಸ್‌ಪೋಷರ್ ಸರಿಪಡಿಸಿ ಮತ್ತೆ ಕಣ್ಣಿಗೆ ಹಿಡಿಯುವಷ್ಟರಲ್ಲಿ ಹಬೆ ಚದುರಿ ಬೇರೆ ಆಕಾರ ತಾಳಿರುತ್ತಿತ್ತು. ಇಲ್ಲಿ ಚಿತ್ರ ಹೇಗೆ ಬರುತ್ತದೆಂಬುದು ಒತ್ತುವ ಮೊದಲೇ ಕಾಣುತ್ತದೆ. ಹೆಬ್ಬೆರಳಿನ ಬುಡದಲ್ಲೇ ಇರುವ ಡಯಲನ್ನು ಎರಡು ಮೂರು ಹಲ್ಲು ತಿರುಗಿಸಿದರೆ ಕಣ್ಣೆದುರೇ ಮುಖ ಕತ್ತಲಿನಿಂದ ಈಚೆಗೆ ಬರುತ್ತದೆ, ಆಮೇಲೆ ಒತ್ತಿದರಾಯಿತು. ಮೇಲಕ್ಕೆ ಬಾಗುವ ಪರದೆಯನ್ನು ಮೊದಲು ಶೋಕಿಯೆಂದುಕೊಂಡಿದ್ದೆ. ಮಂಡಿ ಊರದೆ, ಮೆಟ್ಟುಗತ್ತಿಯ ಮಟ್ಟದಿಂದ ಸುಲಿಯುವವರ ಕೈಗಳನ್ನು ತೆಗೆಯಲು ಅದನ್ನು ಬಿಟ್ಟರೆ ನನಗೀಗ ಬೇರೆ ದಾರಿಯಿಲ್ಲ.

ಬಣ್ಣಗಳ ವಿಷಯದಲ್ಲಿ ಎಚ್ಚರ ಬೇಕು. ಫಿಲಂ ಹೆಸರಿನ ಬಣ್ಣದ ಆಯ್ಕೆಗಳಲ್ಲಿ ವೆಲ್ವಿಯಾ ಬೆಂದ ಅಡಿಕೆಗೆ ಕುಂಕುಮ ಹಚ್ಚುತ್ತದೆ, ಕ್ಲಾಸಿಕ್ ಕ್ರೋಮ್ ಅದನ್ನು ಹಳೆಯ ಹೆಂಚಿನಂತೆ ಮಾಸಿಸುತ್ತದೆ. ಚೊಗರಿನ ಕೆಂಪು ನಮ್ಮ ಮನೆಯವರು ಒಪ್ಪುವ ಹಾಗೆ ಬರುವುದು ಪ್ರೊವಿಯಾದಲ್ಲಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ದೊಡ್ಡಮ್ಮನಿಗೆ ಬಹಳ ಹಿಡಿಸಿತು, ಆದರೆ ಅಂಗಳದ ಬಲ್ಬ್ ಎಲ್ಇಡಿಯಾದ ವರ್ಷ ಚಿತ್ರಗಳ ತುಂಬ ಅಡ್ಡಪಟ್ಟೆಗಳು ಬಂದವು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಅಗ್ಗದ ಎಲ್ಇಡಿ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಸೆನ್ಸರನ್ನು ಸಾಲುಸಾಲಾಗಿ ಓದುವ ಈ ಶಟರ್ ಆ ಮಿಣುಕನ್ನೂ ಓದಿಕೊಳ್ಳುತ್ತದೆ. ಶಟರ್ ವೇಗವನ್ನು ಸೆಕೆಂಡಿನ 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಮಾಯವಾಗುತ್ತದೆ.

ಕೊರತೆಗಳೂ ಇವೆ. ಕಂಪನಿಯ ಲೆಕ್ಕದಲ್ಲೇ ಒಂದು ಬ್ಯಾಟರಿಗೆ 350 ಚಿತ್ರ; ಡಿ90ಕ್ಕೆ ಅದು 850 ಇತ್ತು. ಮಳೆನೀರು ತಡೆಯುವ ಸೀಲಿಂಗ್ ದೇಹಕ್ಕಿಲ್ಲ, ಮಲೆನಾಡಿನವರಿಗೆ ಇದು ಸಣ್ಣ ಮಾತಲ್ಲ. ರಾ ಫೈಲನ್ನು, ಅಂದರೆ ಸೆನ್ಸರಿನ ಸಂಸ್ಕರಿಸದ ಮಾಹಿತಿಯನ್ನು, ಕಂಪ್ರೆಸ್ ಮಾಡದೆ ಇಟ್ಟರೆ ಒಂದೊಂದೂ ಸುಮಾರು 50 ಎಂಬಿ ತಿನ್ನುತ್ತದೆ, ಆದ್ದರಿಂದ ಗುಣಮಟ್ಟ ಕಳೆಯದೆ ಕುಗ್ಗಿಸುವ ಲಾಸ್‌ಲೆಸ್ ಆಯ್ಕೆಯನ್ನು ಮೊದಲ ದಿನವೇ ಹಾಕಿಕೊಳ್ಳಿ.

ಬೂಸು ಮಾತ್ರ ಯಾವ ಕಂಪನಿಯ ತಪ್ಪೂ ಅಲ್ಲ. ನನ್ನ 50 ಮಿಮೀ ಲೆನ್ಸಿನೊಳಗೆ ಒಂದು ಆಷಾಢದಲ್ಲಿ ಜೇಡರಬಲೆಯಂತೆ ಅದು ಹಬ್ಬಿತು. ತೊಳೆಯಲು ಕೊಟ್ಟ ರಿಪೇರಿ ಅಂಗಡಿಯವರು ಬೂಸಿನ ಜೊತೆಗೆ ಗಾಜಿನ ಲೇಪವನ್ನೂ ಉಜ್ಜಿ ಕೊಟ್ಟರು. ಅಂದಿನಿಂದ ಗಾಳಿಯಾಡದ ಡಬ್ಬ, ಅದರೊಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದಿದೆಯೆಂದು ಅರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ನೀಲಿಗೆ ತಿರುಗುತ್ತದೆ.

ಹಗಲಿನಲ್ಲಷ್ಟೇ ಫೋಟೋ ತೆಗೆಯುವವರಿಗೆ, ಭಾರ ಹೊರಲು ಬೇಸರವಿಲ್ಲದವರಿಗೆ ಡಿ90 ಸಾಕು. ಅದು ಇನ್ನೂ ಅಗ್ಗವಾಗಿ ಸಿಗುತ್ತದೆ. ಎದುರುಬೆಳಕಿನಲ್ಲಿ, ಮನೆಯೊಳಗಿನ ಮಬ್ಬಿನಲ್ಲಿ ಮನುಷ್ಯರನ್ನು ತೆಗೆಯುವವರು ಎಕ್ಸ್-ಟಿ20 ಕೊಳ್ಳಬಹುದು. ಕೊಳ್ಳುವ ಮೊದಲು ಲೆನ್ಸನ್ನು ಟಾರ್ಚ್ ಬೆಳಕಿಗೆ ಹಿಡಿದು ಒಳಗೆ ನೋಡಿ, ಎರಡು ಬ್ಯಾಟರಿಗಳ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.