ಹ್ಯಾಂಡ್‌ಬ್ರೇಕ್ ವಿಮರ್ಶೆ: ಮದುವೆ ವಿಡಿಯೊ ಮನೆಯ ಟಿವಿಯಲ್ಲಿ ಓಡಬೇಕಾದರೆ

ಸ್ಟುಡಿಯೊದವರ ಮ್ಯಾಕ್‌ನಲ್ಲಿ ಚೆನ್ನಾಗಿ ಓಡಿದ ಮದುವೆ ವಿಡಿಯೊವನ್ನು ಮನೆಯ ಟಿವಿಗೆ ಹಾಕಿದರೆ ಕಪ್ಪು ಪರದೆ, ಹಿಂದೆ ವಾಲಗದ ಸದ್ದು ಮಾತ್ರ. ಪೆನ್‌ಡ್ರೈವ್ ಕೆಟ್ಟಿದೆ ಎಂದುಕೊಂಡು ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೊರಡಬೇಡಿ. ಎಂಪಿ4, ಎಂಒವಿ, ಎಂಕೆವಿ ಇವೆಲ್ಲ ಬರೀ ಡಬ್ಬಿಗಳು. ಟಿವಿ ತಕರಾರು ತೆಗೆಯುವುದು ಒಳಗಿನ ಕೋಡೆಕ್, ಅಂದರೆ ವಿಡಿಯೊವನ್ನು ಕುಗ್ಗಿಸಿಟ್ಟ ವಿಧಾನದ ಬಗ್ಗೆ. 2003ರ ಎಚ್.264 ಕೋಡೆಕ್ ಹೆಚ್ಚುಕಡಿಮೆ ಎಲ್ಲ ಕಡೆ ಓಡುತ್ತದೆ. 2013ರ ಎಚ್.265 ಹಳೇ ಟಿವಿಗೆ ಅರ್ಥವೇ ಆಗದು, ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳೂ ಅದಕ್ಕೆ ಬೇರೆ ಎಕ್ಸ್‌ಟೆನ್ಷನ್ ಕೇಳುತ್ತವೆ.

ವಿಂಡೋಸ್‌ನ ವಿಎಲ್‌ಸಿ ಪ್ಲೇಯರ್‌ನಲ್ಲಿ ಫೈಲ್ ತೆರೆದು ಕಂಟ್ರೋಲ್ ಮತ್ತು ಜೆ ಒತ್ತಿದರೆ ಕೋಡೆಕ್ ಯಾವುದೆಂದು ಕಾಣುತ್ತದೆ. ಎಚ್.265 ಇದ್ದರೆ, ವಿಡಿಯೊವನ್ನು ಬೇರೆ ಕೋಡೆಕ್‌ಗೆ ಬದಲಿಸಿಕೊಡುವ ತಂತ್ರಾಂಶ ಹ್ಯಾಂಡ್‌ಬ್ರೇಕ್ ಬಳಸಿ. ಪೂರ್ತಿ ಉಚಿತ, ವಾಟರ್‌ಮಾರ್ಕ್ ಇಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ.

ಫೈಲನ್ನು ಎಳೆದು ಹಾಕಿ, ಫಾಸ್ಟ್ 1080ಪಿ30 ಎಂಬ ಪ್ರೀಸೆಟ್ (ಸಿದ್ಧ ಸೆಟ್ಟಿಂಗ್) ಆರಿಸಿ. ಅಲ್ಲಿಗೇ ಸ್ಟಾರ್ಟ್ ಒತ್ತಬೇಡಿ! ನಮ್ಮಲ್ಲಿ ಕ್ಯಾಮೆರಾದವರು ಸೆಕೆಂಡಿಗೆ 25 ಅಥವಾ 50 ಫ್ರೇಮ್‌ನಲ್ಲಿ ಶೂಟ್ ಮಾಡುವುದು ಸಾಮಾನ್ಯ. ಈ ಪ್ರೀಸೆಟ್ 50ನ್ನು 30ಕ್ಕೆ ಇಳಿಸುವಾಗ ನಡುನಡುವೆ ಫ್ರೇಮ್ ಬಿಟ್ಟುಬಿಡುತ್ತದೆ. ಧಾರೆ ಎರೆಯುವಾಗ ಕ್ಯಾಮೆರಾ ವಧುವಿನಿಂದ ವರನ ಕಡೆ ಸರಿಯುತ್ತದಲ್ಲ, ಅಲ್ಲಿ ಚಿತ್ರ ತಡವರಿಸುವುದು ಕಣ್ಣಿಗೆ ಹೊಡೆಯುತ್ತದೆ. ವಿಡಿಯೊ ಟ್ಯಾಬ್‌ನಲ್ಲಿ ಫ್ರೇಮ್‌ರೇಟ್ ಅನ್ನು ಸೇಮ್ ಆ್ಯಸ್ ಸೋರ್ಸ್, ಕಾನ್‌ಸ್ಟಂಟ್ ಎಂದು ಬದಲಿಸಿ. ಗುಣಮಟ್ಟದ ಅಳತೆಯಾದ ಆರ್‌ಎಫ್ ಅನ್ನು 20ಕ್ಕೆ ಇಡಿ. ಸಂಖ್ಯೆ ಇಳಿದಷ್ಟೂ ಗುಣಮಟ್ಟ ಹೆಚ್ಚು, ಫೈಲ್ ದೊಡ್ಡದು. ಎನ್‌ಕೋಡರ್ ಎಚ್.264 ಇರಲಿ. ಪಟ್ಟಿಯಲ್ಲಿರುವ 10 ಬಿಟ್ ಎಚ್.264 ಮುಟ್ಟಬೇಡಿ, ಹೆಸರು ಒಂದೇ ಆದರೂ ಬಹುತೇಕ ಟಿವಿಗಳು ಅದನ್ನು ಓಡಿಸುವುದಿಲ್ಲ. ಆಡಿಯೊದ ಕೋಡೆಕ್ ಎಎಸಿ ಇರಲಿ.

ಇದರ ದೊಡ್ಡ ಕೊರತೆ, ವಿಡಿಯೊವನ್ನು ಇದ್ದಂತೆಯೇ ದಾಟಿಸಲು ಬರದು. ಪ್ರತಿ ಸಲವೂ ಹೊಸದಾಗಿ ಎನ್‌ಕೋಡ್ ಮಾಡಿಯೇ ತೀರುತ್ತದೆ, ಅಷ್ಟಷ್ಟು ಗುಣಮಟ್ಟ ಸೋರುತ್ತದೆ. ಒಳಗೆ ಆಗಲೇ ಮಾಮೂಲಿ ಎಚ್.264 ಇದ್ದು ಡಬ್ಬಿ ಮಾತ್ರ ಎಂಕೆವಿ ಆಗಿದ್ದರೆ ಲಾಸ್‌ಲೆಸ್‌ಕಟ್ ಎಂಬ ತಂತ್ರಾಂಶ ಸಾಕು, ಡಬ್ಬಿ ಬದಲಿಸಿ ಬೇಗನೆ ಮುಗಿಸುತ್ತದೆ. ಮೂಲ ಫೈಲನ್ನಂತೂ ಯಾವ ಕಾರಣಕ್ಕೂ ಅಳಿಸಬೇಡಿ.

ಇಷ್ಟಾದ ಮೇಲೂ ಪೆನ್‌ಡ್ರೈವ್‌ಗೆ ಕಾಪಿ ಆಗದಿದ್ದರೆ ಅದು ಫ್ಯಾಟ್32 ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬಹುದು, 4 ಜಿಬಿಗಿಂತ ದೊಡ್ಡ ಫೈಲ್ ಅದಕ್ಕೆ ಹಿಡಿಸದು. ಟಿವಿ ಎಕ್ಸ್‌ಫ್ಯಾಟ್ ಓದುವುದಾದರೆ ಡ್ರೈವ್ ಖಾಲಿ ಮಾಡಿ ಹಾಗೆ ಫಾರ್ಮ್ಯಾಟ್ ಮಾಡಿ. ಓದದಿದ್ದರೆ ಹ್ಯಾಂಡ್‌ಬ್ರೇಕ್‌ನ ರೇಂಜ್‌ನಲ್ಲಿ ಸೆಕೆಂಡ್ಸ್ ಆರಿಸಿ, ಆರತಕ್ಷತೆ ಒಂದು ಫೈಲ್, ಮುಹೂರ್ತ ಇನ್ನೊಂದು ಎಂದು ಎರಡಾಗಿ ತೆಗೆಯಿರಿ.