ಯಮಹಾ ಎಫ್310: ಸಪ್ಪೆ ಗಿಟಾರ್, ಆದ್ರೂ ಇದನ್ನೇ ತಗೊಳ್ಳಿ ಅಂತೀನಿ

ಯಮಹಾ ಗಿಟಾರ್ ತಗೊಂಡೆ ಅಂತ ಊರಲ್ಲಿ ಹೇಳಿದ್ರೆ ಮೊದಲನೇ ಪ್ರಶ್ನೆನೇ "ಮೈಲೇಜ್ ಎಷ್ಟು ಕೊಡುತ್ತೆ". ಆರ್‌ಎಕ್ಸ್ 100 ನೋಡ್ಕೊಂಡು ಬೆಳೆದ ಜನ ನಾವು, ಏನ್ ಮಾಡೋದು. ಆದ್ರೆ ಬೈಕಿಗಿಂತ ಎಷ್ಟೋ ಮುಂಚಿನಿಂದ ಇವ್ರದ್ದು ವಾದ್ಯದ ಕಸುಬು, 1887ರಲ್ಲಿ ಜಪಾನಿನ ಹಮಾಮಾತ್ಸು ಊರಲ್ಲಿ ಟೊರಾಕುಸು ಯಮಹಾ ಅನ್ನೋರು ಒಂದು ಸ್ಕೂಲಿನ ಕೆಟ್ಟ ರೀಡ್ ಆರ್ಗನ್ ರಿಪೇರಿ ಮಾಡಕ್ಕೆ ಹೋಗಿ ಅಲ್ಲಿಂದ ಶುರುವಾಗಿದ್ದು, ಬೈಕ್ ಕಂಪನಿ ಬೇರೆ ಆಗಿದ್ದು 1955ರಲ್ಲಿ. ಬೈಕ್ ಟ್ಯಾಂಕ್ ಮೇಲಿರೋ ಲೋಗೋ ಸರಿಯಾಗಿ ನೋಡಿ, ಶ್ರುತಿ ನೋಡೋ ಕವೆ, ಅಂದ್ರೆ ಟ್ಯೂನಿಂಗ್ ಫೋರ್ಕ್, ಮೂರು ಕಾಣುತ್ತೆ.

ಈಗ ಗಿಟಾರ್ ವಿಷಯ. ಹತ್ತು ಸಾವಿರದ ಆಸುಪಾಸಲ್ಲಿ ಸಿಗುತ್ತೆ. ಮುಂದಿನ ಹಲಗೆ ಸ್ಪ್ರೂಸ್, ಆದ್ರೆ ಒಂದೇ ಇಡೀ ಮರ ಅಲ್ಲ, ಪದರ ಪದರ ಅಂಟಿಸಿರೋ ಲ್ಯಾಮಿನೇಟ್. ಗಿಟಾರ್ ಪಂಡಿತರು ಇದನ್ನ ಕೇಳಿದ ತಕ್ಷಣ ಮೂಗು ಮುರೀತಾರೆ, ಸಾಲಿಡ್ ಟಾಪ್ ಆದ್ರೆ ವರ್ಷ ಕಳೆದಂಗೆ ನಾದ ಬಿಚ್ಕೊಳುತ್ತೆ, ಇದು ಹೆಂಗಿತ್ತೋ ಹಂಗೇ ಇರುತ್ತೆ ಅಂತ. ನಿಜಾನೇ. ಆದ್ರೆ ಸಾಲಿಡ್ ಟಾಪ್‌ನ ಏಪ್ರಿಲ್ ಬಿಸಿಲಲ್ಲಿ ರಾಯಚೂರಿನ ಮನೆ ಗೋಡೆಗೆ ನೇತುಹಾಕಿ ನೋಡಿ, ಒಣಗಿ ಸೀಳು ಬಿಡೋ ಸಾಧ್ಯತೆ ಇರುತ್ತೆ, ಮಂಗಳೂರಿನ ಮಳೆಗಾಲದಲ್ಲಿ ತೇವ ಕುಡಿದು ಹೊಟ್ಟೆ ಉಬ್ಬುತ್ತೆ. ಲ್ಯಾಮಿನೇಟ್ ಇಂಥದ್ದಕ್ಕೆಲ್ಲ ಅಷ್ಟು ಬೇಗ ಜಗ್ಗಲ್ಲ. ಹಾಸ್ಟೆಲ್ ಹುಡುಗನ ಮಂಚದ ಕೆಳಗೆ ಬದುಕಬೇಕಾದ ಗಿಟಾರಿಗೆ ಇದೇ ಸರಿ. ಅದಕ್ಕಿಂತ ಮೇಲೆ ಬೇಕು ಅಂದ್ರೆ ಅದೇ ಕಂಪನಿಯ ಎಫ್‌ಜಿ800 ಇದೆ, ಸಾಲಿಡ್ ಸ್ಪ್ರೂಸ್, ಅದರ ದುಡ್ಡೂ ಹಂಗೇ.

ನಾದ ಹೆಂಗಿದೆ ಅಂದ್ರೆ ಸ್ಟ್ರಮ್ಮಿಂಗಿಗೆ, ಅಂದ್ರೆ ಎಲ್ಲ ತಂತಿ ಒಟ್ಟಿಗೆ ಮೀಟೋದಕ್ಕೆ, ಸ್ವಚ್ಛವಾಗಿದೆ, ಹಾಡೋರ ಧ್ವನಿಗೆ ಅಡ್ಡ ಬರಲ್ಲ. ಬೇಸ್ ಆಳ ಕಮ್ಮಿ. ಒಂದೊಂದೇ ತಂತಿ ಮೀಟಿ ನಿಧಾನ ನುಡಿಸ್ತೀನಿ ಅಂದ್ರೆ ಸ್ವರ ಬೇಗ ಆರಿಹೋಗುತ್ತೆ ಅನ್ಸುತ್ತೆ. ಆದ್ರೂ ಹಳೇ ಐಡಿಯಾ ಮೊಬೈಲ್ ಕಂಪನಿ ಜಾಹೀರಾತಲ್ಲಿ ಬರ್ತಿತ್ತಲ್ಲ, ಅಸಲಿಗೆ ನಮ್ಮ ಕನ್ನಡದ 'ಪಲ್ಲವಿ ಅನುಪಲ್ಲವಿ' ಸಿನಿಮಾದ ಬಿಜಿಎಂ, ಗಿಟಾರ್ ಹಿಡಿದ ಪ್ರತಿಯೊಬ್ಬ ಕನ್ನಡಿಗನೂ ಮೊದಲು ಕಲಿಯೋದು, ಅದು ಇದರಲ್ಲಿ ಚೆನ್ನಾಗೇ ಬರುತ್ತೆ. ಅಷ್ಟು ಸಾಕಲ್ವಾ ಮೊದಲ ವರ್ಷಕ್ಕೆ.

ನಾನು ಇದನ್ನ ಜಾಸ್ತಿ ಮೆಚ್ಚೋದು ಅಳತೆಗೆ. ಕತ್ತಿನ ತುದೀಲಿ ತಂತಿ ಕೂರೋ ನಟ್ ಅನ್ನೋ ಪಟ್ಟಿಯಿಂದ ಕೆಳಗೆ ತಂತಿ ಕೂರೋ ಸ್ಯಾಡಲ್ ಅನ್ನೋ ಪಟ್ಟಿವರೆಗೆ 634 ಮಿಲಿಮೀಟರ್, ದೊಡ್ಡ ಗಿಟಾರ್‌ಗಳಲ್ಲಿ 650ರ ಹತ್ರ ಇರುತ್ತೆ. ಅಷ್ಟು ಚಿಕ್ಕ ವ್ಯತ್ಯಾಸಕ್ಕೇ ತಂತಿ ಎಳೆತ ಸ್ವಲ್ಪ ಕಮ್ಮಿ, ಕತ್ತಿನ ಮೇಲಿರೋ ಲೋಹದ ಅಡ್ಡಪಟ್ಟಿಗಳು, ಅಂದ್ರೆ ಫ್ರೆಟ್‌ಗಳು, ಒಂಚೂರು ಹತ್ರ. "ಬೆರಳು ನೋಯುತ್ತೆ, ನೈಲಾನ್ ತಂತಿ ಗಿಟಾರ್ ಕೊಡಿಸಿ" ಅಂತ ಅಂಗಡಿಯವರು ಹೇಳ್ತಾರಲ್ಲ, ಬೆರಳಿಗೆ ಮೆತ್ತಗಿರೋದೇನೋ ಹೌದು, ಆದ್ರೆ ಸಿ40 ಥರದ ಕ್ಲಾಸಿಕಲ್ ಗಿಟಾರ್ ಕತ್ತು ನಟ್ ಹತ್ರ 52 ಮಿಲಿಮೀಟರ್ ಅಗಲ, ಇದು 43. ಸಣ್ಣ ಕೈಯ ಮಕ್ಕಳಿಗೆ ಆ ಅಗಲ ಹಿಡಿಯೋದೇ ಒಂದು ಕಷ್ಟ.

ಇನ್ನು ಗಿಟಾರ್ ಬಿಟ್ಟೋರ ಕಥೆ. ನೂರಕ್ಕೆ ಎಷ್ಟು ಜನ ಅಂತ ನನ್ಹತ್ರ ಲೆಕ್ಕ ಇಲ್ಲ, ಆದ್ರೆ ನಂಗೆ ಗೊತ್ತಿರೋರಲ್ಲಿ ಬಿಟ್ಟೋರೆಲ್ಲ ಬಿಟ್ಟಿದ್ದು ಎಫ್ ಕಾರ್ಡ್ ಅನ್ನೋ, ಹಲವು ಸ್ವರ ಒಟ್ಟಿಗೆ ನುಡಿಸೋ ಹಿಡಿತದ ಹತ್ರ. ತೋರುಬೆರಳು ಮೊದಲನೇ ಫ್ರೆಟ್ ಮೇಲೆ ಅಡ್ಡ ಮಲಗಿಸಿ ಆರೂ ತಂತಿ ಒತ್ತಬೇಕು, ಒತ್ತಿದ್ರೆ ಬರೋದು ನಾದ ಅಲ್ಲ, ಪಟ್ ಪಟ್ ಅಂತ ಸದ್ದು, ನನ್ ಕೈಗೆ ಈ ವಿದ್ಯೆ ಹತ್ತಲ್ಲ ಅಂತ ತೀರ್ಮಾನ ಮಾಡ್ಬಿಡ್ತಾರೆ. ಕೈ ಅಲ್ಲ ಗುರು, ಎಷ್ಟೋ ಸಲ ಅದು ನಟ್. ಒಂದು ಪರೀಕ್ಷೆ ಮಾಡಿ. ಅದೇ ಆಕಾರವನ್ನ ಐದನೇ ಫ್ರೆಟ್‌ನಲ್ಲಿ ಹಿಡೀರಿ. ಅಲ್ಲಿ ಸಲೀಸಾಗಿ ಬಂದು ಮೊದಲನೇ ಫ್ರೆಟ್‌ನಲ್ಲಿ ಮಾತ್ರ ಪ್ರಾಣ ಹೋಗ್ತಿದೆ ಅಂದ್ರೆ ನಟ್‌ನಲ್ಲಿ ತಂತಿ ಕೂರೋ ಕಚ್ಚು ಆಳ ಇಲ್ಲ, ತಂತಿ ಎತ್ತರಕ್ಕೆ ಕೂತಿದೆ ಅಂತ ಅರ್ಥ. ಗೊತ್ತಿರೋರ ಕೈಯಲ್ಲಿ ಅರ ಹಾಕಿಸಿದ್ರೆ ಮುಗೀತು.

ಯಾವ ಕಂಪನಿದಾದ್ರೂ ಸರಿ, ಈ ರೇಟಿನ ಗಿಟಾರ್ ತಗೊಂಡ ದಿನಾನೇ ಸೆಟಪ್‌ಗೆ, ಅಂದ್ರೆ ತಂತಿ ಎತ್ತರ, ಕತ್ತಿನ ಬಾಗು ಸರಿ ಮಾಡಿಸೋದಕ್ಕೆ ಅಂತ ಸ್ವಲ್ಪ ದುಡ್ಡು ಎತ್ತಿಡಿ. ಆರು ತಂತಿ ಸೇರಿ ಕತ್ತನ್ನ ಎಳೀತಿರೋದು ಹತ್ರ ಹತ್ರ 70 ಕೆಜಿ ಭಾರ, ಒಬ್ಬ ಮನುಷ್ಯ ನೇತಾಡಿದಂಗೆ, ಅದು ಬಾಗದೇ ಇರುತ್ತಾ. ಅದಕ್ಕೇ ಕತ್ತಿನೊಳಗೆ ಟ್ರಸ್ ರಾಡ್ ಅಂತ ಕಬ್ಬಿಣದ ಸಲಾಕೆ ಇರೋದು. ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿ ಎತ್ತರ ಎರಡೂವರೆ ಮಿಲಿಮೀಟರ್ ಒಳಗೆ ಇದ್ರೆ ಆರಾಮು. ಅಲ್ಲಿ ಅರ್ಧ ಮಿಲಿಮೀಟರ್ ಇಳೀಬೇಕು ಅಂದ್ರೆ ಸ್ಯಾಡಲ್ ತಳದಲ್ಲಿ ಒಂದು ಮಿಲಿಮೀಟರ್ ಉಜ್ಜಬೇಕು, ಡಬಲ್ ಲೆಕ್ಕ. ಟ್ರಸ್ ರಾಡನ್ನ ಮಾತ್ರ ವಿಡಿಯೋ ನೋಡ್ಕೊಂಡು ಜೋರಾಗಿ ತಿರುಗಿಸ್ಬೇಡಿ, ಕಾಲು ಸುತ್ತು ತಿರುಗಿಸಿ ಒಂದು ರಾತ್ರಿ ಬಿಡೋದು ಪದ್ಧತಿ.

ಟ್ಯೂನಿಂಗ್ ಕೀಗಳು ಪರವಾಗಿಲ್ಲ, ಹೊಸ ತಂತಿ ಹಾಕಿದ ಮೊದಲ ಕೆಲವು ದಿನ ಶ್ರುತಿ ಇಳೀತಾನೇ ಇರುತ್ತೆ, ಅದು ತಂತಿ ಹಿಗ್ಗೋದು, ಕೀಗಳ ತಪ್ಪಲ್ಲ. ಇದೇ ನೋಡಿ ಬೇರೆ ವಾದ್ಯದೋರು ನಮ್ಮನ್ನ ಆಡಿಕೊಳ್ಳೋ ಜಾಗ. ಗಿಟಾರ್‌ನೋನು ಅರ್ಧ ಆಯಸ್ಸು ಶ್ರುತಿ ಮಾಡ್ತಾನೆ, ಇನ್ನರ್ಧ ಶ್ರುತಿ ತಪ್ಪಿ ನುಡಿಸ್ತಾನೆ ಅನ್ನೋ ಜೋಕು ಎಲ್ಲಾ ಆರ್ಕೆಸ್ಟ್ರಾದಲ್ಲೂ ಓಡಾಡ್ತಿದೆ. ನಮ್ಮ ಗುಂಪಲ್ಲಿ ಮೃದಂಗದ ಅಣ್ಣ ಒಬ್ರಿದ್ದಾರೆ, ಕಲ್ಲು ತಗೊಂಡು ಟಕ್ ಟಕ್ ಅಂತ ನಾಲ್ಕು ಏಟು ಹಾಕಿ ಶ್ರುತಿ ಮುಗಿಸಿ ಕಾಫಿ ಕುಡೀತಾ "ಟ್ಯೂನರ್ ಆಪ್ ಇನ್ನೂ ಲೋಡ್ ಆಗ್ತಿದೆಯೇನಪ್ಪಾ" ಅಂತಾರೆ. ವಯಲಿನ್ ಮೇಡಂ ಇನ್ನೂ ಖಾರ. "ನಿಮಗೇನು, ಫ್ರೆಟ್ ಅಂತ ಬೇಲಿ ಹಾಕಿ ಕೊಟ್ಟಿದ್ದಾರೆ, ಅಷ್ಟಿದ್ರೂ ದಾರಿ ತಪ್ತೀರಲ್ಲ." ವೀಣೆಗೂ 24 ಮೆಟ್ಟಿಲಿದೆಯಲ್ಲ ಮೇಡಂ ಅಂದ್ರೆ "ಅವರು ತಂತಿ ಎಳೆದು ಗಮಕ ತೆಗೀತಾರೆ, ನೀವು ತಂತಿ ಎಳೆದು ಹರೀತೀರಾ" ಅಂತಾರೆ. ಉತ್ತರ ಇಲ್ಲ. ಗಿಟಾರ್‌ನೋನ ವಾಲ್ಯೂಮ್ ಇಳಿಸ್ಬೇಕಾ, ಮುಂದೆ ನೊಟೇಶನ್ ಹಾಳೆ ಇಡಿ ಅನ್ನೋದೂ ಇದೆ, ಅದಕ್ಕೆ ನಾನು ನಗಲ್ಲ, ಯಾಕಂದ್ರೆ ನಿಜ, ಅದನ್ನ ಓದಕ್ಕೆ ಬರಲ್ಲ.

ಅಂಗಡಿಗಳಲ್ಲಿ ಕಾಂಬೋ ಅಂತ ಬ್ಯಾಗು, ಬೆಲ್ಟು, ಪಿಕ್ಕು, ಕತ್ತಿಗೆ ಸಿಕ್ಕಿಸಿ ಶ್ರುತಿ ಏರಿಸೋ ಕಾಪೋ ಎಲ್ಲ ಸೇರಿಸಿ ಕೊಡ್ತಾರೆ. ಬ್ಯಾಗಿನ ಜಿಪ್ ಎಳೆದು ನೋಡಿ, ಸ್ಪಂಜ್ ಇಲ್ಲದ ತೆಳು ಬ್ಯಾಗ್ ಆದ್ರೆ ಬಸ್ಸಲ್ಲಿ ತಗೊಂಡು ಹೋಗೋ ಆಸೆ ಬಿಡಿ. ಅದರ ಬದಲು ಒಳ್ಳೇ ಫಾಸ್ಫರ್ ಬ್ರಾಂಜ್ ತಂತಿ ಒಂದು ಸೆಟ್ ಕೊಡಿ ಅಂತ ಚೌಕಾಸಿ ಮಾಡಿ, ಕೈ ಬೆವರೋರಿಗಂತೂ ತಂತಿ ಬೇಗ ತುಕ್ಕು ಹಿಡಿಯುತ್ತೆ, ನುಡಿಸಿದ್ಮೇಲೆ ಒಣ ಬಟ್ಟೇಲಿ ಒರೆಸೋ ಅಭ್ಯಾಸ ಇಟ್ಕೊಳ್ಳಿ.

ಸ್ಟೇಜ್ ಮೇಲೆ ನುಡಿಸೋ ಪ್ಲಾನ್ ಇದ್ರೆ ಇದು ಬೇಡ, ಇದರಲ್ಲಿ ನಾದವನ್ನ ಸ್ಪೀಕರ್‌ಗೆ ಕಳಿಸೋ ಪಿಕಪ್ ಇಲ್ಲ, ಗಣೇಶನ ಪೆಂಡಾಲಲ್ಲಿ ಮೈಕ್ ಹಿಡಿದ್ರೆ ಗಿಟಾರ್‌ಗಿಂತ ಪಟಾಕಿ ಜಾಸ್ತಿ ಕೇಳುತ್ತೆ. ಪಿಕಪ್ ಇರೋ ಎಫ್‌ಎಕ್ಸ್310 ನೋಡಿ, ಇಲ್ಲಾ ಸೌಂಡ್‌ಹೋಲ್‌ಗೆ ಸಿಕ್ಕಿಸೋ ಪಿಕಪ್ ಆಮೇಲೆ ಹಾಕಿಸ್ಕೊಳ್ಳಿ, ಮೊದಲು ಆ ಎಫ್ ಕಾರ್ಡ್ ಬರ್ಲಿ.